ಕಪ್ಪಾಗಿ ಕಂಡ ದೇವದೂತನ ಕೈಯಲ್ಲಿ ಏನಿತ್ತು?

ಪ್ರಶ್ನೆ: ಹಳೆಯ ಕ್ರೈಸ್ತ ಸಮಾಧಿ ಸ್ಥಳವೊಂದರಲ್ಲಿ ಸೂರ್ಯಾಸ್ತದ ಹೊತ್ತಿಗೆ ರೆಕ್ಕೆಯುಳ್ಳ ದೇವದೂತನ ಶಿಲ್ಪವನ್ನು ಸಿಲೂಯೆಟ್ ಆಗಿ, ಅಂದರೆ ಬೆಳಗಿದ ಆಕಾಶದೆದುರು ಬರೀ ಕಪ್ಪು ಆಕೃತಿಯಾಗಿ ಸೆರೆಹಿಡಿದಿದ್ದೇನೆ. ಆಕೃತಿ ತಲೆ ತಗ್ಗಿಸಿ ನಿಂತಿದೆ. ಬಲಗೈಯಲ್ಲಿ ಕೆಳಮುಖವಾಗಿ ಹಿಡಿದ ಉದ್ದನೆಯ ವಸ್ತುವೊಂದಿದೆ, ಒಂದು ರೆಕ್ಕೆಯ ತುದಿ ಮುರಿದಿದೆ. ಚಿತ್ರ ನೋಡಿದವರೆಲ್ಲ ಇದು ಮೃತ್ಯುದೂತ ಎನ್ನುತ್ತಾರೆ. ಆ ವಸ್ತುವಿಗೂ ಮುರಿದ ರೆಕ್ಕೆಗೂ ಏನರ್ಥ? ‘ಮೃತ್ಯುದೂತ’ ಎಂಬ ಶೀರ್ಷಿಕೆಯಲ್ಲೇ ಇದನ್ನು ಪ್ರದರ್ಶನಕ್ಕೆ ಕಳುಹಿಸಬಹುದೇ? ತಲೆಯೂ ರೆಕ್ಕೆಯೂ ಒಂದರೊಳಗೊಂದು ಬೆರೆತು ಚಿತ್ರದ ಮೇಲ್ಭಾಗ ಬರೀ ಕರಿಯ ಗುಡ್ಡೆಯಾಗಿದೆ. ಮತ್ತೊಮ್ಮೆ ತೆಗೆಯುವುದಾದರೆ ಏನನ್ನು ಬದಲಿಸಬೇಕು?

ಉತ್ತರ: ಶಿಲ್ಪದ ಅರ್ಥವೇನು ಎಂಬುದು ಒಂದು ಪ್ರಶ್ನೆ, ನಿಮ್ಮ ಚಿತ್ರದ ಅರ್ಥವೇನು ಎಂಬುದು ಇನ್ನೊಂದು. ನಿಮ್ಮ ಪತ್ರದಲ್ಲಿ ಇವೆರಡೂ ಬೆರೆತಿವೆ, ಚಿತ್ರ ನೋಡಿದವರ ಮಾತಿನಲ್ಲಂತೂ ಪೂರ್ತಿಯಾಗಿ ಬೆರೆತುಹೋಗಿವೆ. ಸಿಲೂಯೆಟ್‌ನಲ್ಲಿ ಉಳಿಯುವುದು ಆಕೃತಿಯ ಹೊರಗೆರೆ ಮಾತ್ರ. ಸಮಾಧಿ ಶಿಲ್ಪದ ಸಂಕೇತಗಳಾದರೋ ಹೆಚ್ಚಾಗಿ ಹೊರಗೆರೆಯ ಒಳಗೇ ಇರುತ್ತವೆ: ಎದೆಗೊತ್ತಿ ಹಿಡಿದ ಹೂಮಾಲೆ, ಮಡಿಲಲ್ಲಿ ತೆರೆದಿಟ್ಟ ಪುಸ್ತಕ, ಪಾದದ ಬಳಿ ಒರಗಿಸಿದ ಲಂಗರು, ಪೀಠದ ಮೇಲಿನ ಉಬ್ಬುಗೆತ್ತನೆ. ಹೀಗಾಗಿ ಸಂಕೇತವನ್ನು ಓದುವ ಕೆಲಸವನ್ನು ಹಗಲು ಬೆಳಕಿನಲ್ಲಿ ಶಿಲ್ಪದ ಎದುರು ನಿಂತು ಮಾಡಬೇಕೇ ಹೊರತು ಸಿಲೂಯೆಟ್ ಚಿತ್ರವನ್ನು ಹಿಗ್ಗಿಸಿ ನೋಡಿ ಮಾಡಲಾಗದು. ಹಾಗಿದ್ದರೂ ನೀವು ಕೊಟ್ಟಿರುವ ವಿವರಗಳಿಂದ ಕೆಲವು ಸಂಗತಿಗಳನ್ನು ಸಾಕಷ್ಟು ಖಚಿತವಾಗಿ ಹೇಳಲು ಸಾಧ್ಯವಿದೆ.

ಮೊದಲು ಕೈಯಲ್ಲಿರುವ ವಸ್ತುವಿನ ವಿಚಾರ. ಕೆಳಮುಖವಾಗಿ ಹಿಡಿದ, ತುದಿಯಲ್ಲಿ ಅಗಲವಾಗುವ ಉದ್ದನೆಯ ವಸ್ತು ಎಂದರೆ ಮುಖ್ಯವಾಗಿ ಎರಡು ಸಾಧ್ಯತೆಗಳು: ತಲೆಕೆಳಗಾದ ಪಂಜು ಅಥವಾ ಇಳಿಸಿ ಹಿಡಿದ ತುತ್ತೂರಿ. ಸಿಲೂಯೆಟ್‌ನಲ್ಲಿ ಇವೆರಡೂ ಬಹುಮಟ್ಟಿಗೆ ಒಂದೇ ತೆರನಾಗಿ ಕಾಣುತ್ತವೆ, ಆದರೆ ಇವುಗಳ ಅರ್ಥಗಳು ವಿರುದ್ಧ ದಿಕ್ಕಿನವು. ಹತ್ತಿರ ಹೋಗಿ ಅಗಲವಾದ ತುದಿಯನ್ನು ನೋಡಿ. ತುತ್ತೂರಿಯಾದರೆ ಅಂಚು ನುಣುಪಾದ ಬಳೆಯಾಗಿರುತ್ತದೆ, ಒಳಗೆ ಟೊಳ್ಳು ಕೊರೆದಿರುತ್ತಾರೆ. ಪಂಜಾದರೆ ತುದಿ ಏರುಪೇರಾಗಿರುತ್ತದೆ. ಜ್ವಾಲೆಯನ್ನು ಕೆತ್ತಿದ್ದರೆ ಅದರ ನಾಲಿಗೆಗಳು ಕೆಳಗೆ ಚಾಚದೆ ಪಂಜಿನ ಹಿಡಿಯ ಪಕ್ಕದಿಂದ ಮೇಲಕ್ಕೆ ಸುರುಳಿಯಾಗಿ ಏರುತ್ತಿರುತ್ತವೆ. ಪಂಜನ್ನು ಎಷ್ಟೇ ಬೋರಲು ಹಿಡಿದರೂ ಬೆಂಕಿ ಮೇಲಕ್ಕೇ ಹೋಗುತ್ತದೆ ಎಂಬುದನ್ನು ಒಳ್ಳೆಯ ಶಿಲ್ಪಿ ಮರೆಯುವುದಿಲ್ಲ. ಜ್ವಾಲೆಯೇ ಇಲ್ಲದೆ ತುದಿಯನ್ನು ನೆಲಕ್ಕೆ ಒತ್ತಿ ನಂದಿಸಿದಂತೆ ಕೆತ್ತಿರುವುದೂ ಉಂಟು.

ಈ ವ್ಯತ್ಯಾಸಕ್ಕೆ ಏಕಿಷ್ಟು ಮಹತ್ವವೆಂದರೆ, ತುತ್ತೂರಿ ಪುನರುತ್ಥಾನದ ಸಂಕೇತ. ಅಂತ್ಯಕಾಲದಲ್ಲಿ ಅದರ ದನಿಗೆ ಸತ್ತವರು ಏಳುವರೆಂಬುದು ಕ್ರೈಸ್ತರ ನಂಬಿಕೆ. ತುತ್ತೂರಿಯನ್ನು ಇಳಿಸಿ ಹಿಡಿದ ದೇವದೂತ ಆ ಗಳಿಗೆಗಾಗಿ ಕಾಯುತ್ತಿರುವವನು. ಪಂಜಿನ ಕಥೆ ಕ್ರೈಸ್ತ ಧರ್ಮಕ್ಕಿಂತ ಹಳೆಯದು. ರೋಮನ್ನರ ಕಲ್ಲಿನ ಶವಪೆಟ್ಟಿಗೆಗಳ ಮೇಲೆ ಪಂಜನ್ನು ಬೋರಲು ಹಿಡಿದು ಅದರ ಮೇಲೆ ಒರಗಿ ನಿಂತ ರೆಕ್ಕೆಯ ಬಾಲಕರು ಕಾಣಸಿಗುತ್ತಾರೆ. ಜರ್ಮನ್ ಲೇಖಕ ಲೆಸ್ಸಿಂಗ್ 1769ರಲ್ಲಿ, ಪ್ರಾಚೀನರು ಸಾವನ್ನು ಅಸ್ಥಿಪಂಜರವಾಗಿ ಚಿತ್ರಿಸಲಿಲ್ಲ, ನಿದ್ರೆಯ ಅವಳಿ ಸಹೋದರನಂತೆ, ಪಂಜನ್ನು ಕೆಳಗಿಳಿಸಿದ ಸುಂದರ ತರುಣನಾಗಿ ಚಿತ್ರಿಸಿದರು ಎಂದು ವಾದಿಸಿದ. ಸಮಾಧಿಯ ಮೇಲೆ ತಲೆಬುರುಡೆ, ಎಲುಬುಗಳನ್ನು ಕಂಡು ಬೇಸತ್ತಿದ್ದ ಕಾಲಕ್ಕೆ ಈ ಮಾತು ಹಿಡಿಸಿತು. ಮುಂದಿನ ಶತಮಾನದ ಸಮಾಧಿ ಶಿಲ್ಪದಲ್ಲಿ ಪ್ರಾಚೀನರ ಆ ತರುಣನೂ ಕ್ರೈಸ್ತರ ದೇವದೂತನೂ ಎಷ್ಟೋ ಕಡೆ ಒಂದೇ ಆಕೃತಿಯಾಗಿ ಬೆರೆತುಹೋದರು, ಏಕೆಂದರೆ ಇಬ್ಬರಿಗೂ ರೆಕ್ಕೆಗಳಿದ್ದವು.

ಹಾಗಾಗಿ ನಿಮ್ಮ ಶಿಲ್ಪದ ಕೈಯಲ್ಲಿರುವುದು ಪಂಜೇ ಆಗಿದ್ದರೆ, ‘ಮೃತ್ಯುದೂತ’ ಎಂದವರು ಪೂರ್ತಿ ತಪ್ಪಿಲ್ಲ. ಆದರೆ ಅಲ್ಲಿಯೂ ಒಂದು ಕವಲಿದೆ. ಪಂಜು ನಂದಿದ್ದರೆ ಬದುಕು ಮುಗಿಯಿತೆಂದು ಓದುವುದು ರೂಢಿ. ಬೋರಲಾಗಿಯೂ ಉರಿಯುತ್ತಿದ್ದರೆ ದೇಹ ಬಿದ್ದರೂ ಆತ್ಮ ಉರಿಯುತ್ತಲೇ ಇದೆ ಎಂದು ಓದುತ್ತಾರೆ. ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಲೇಕ್ ವ್ಯೂ ಸಮಾಧಿ ಸ್ಥಳದಲ್ಲಿ ಹರ್ಮನ್ ಮಾಟ್ಜನ್ ರೂಪಿಸಿದ ಕಂಚಿನ ದೇವದೂತ ಈ ಬಗೆಯ ಅತ್ಯಂತ ಪ್ರಸಿದ್ಧ ಉದಾಹರಣೆ. ರೆಕ್ಕೆ ಬಿಚ್ಚಿ ಕುಳಿತು, ನಂದಿದ ಪಂಜನ್ನು ಬೋರಲಾಗಿ ಮುಂದೆ ಊರಿ, ಅದರ ಮೇಲೆ ಎರಡೂ ಕೈ ಇಟ್ಟಿರುವ ಆ ಶಿಲ್ಪಕ್ಕೆ ‘ವಿಜಯಿ ಮೃತ್ಯುದೂತ’ ಎಂಬರ್ಥದ ಹೆಸರೇ ಇದೆ. ಅದನ್ನು ಎದುರಿನಿಂದ ಸಿಲೂಯೆಟ್ ಮಾಡಿದರೆ ಏನಾಗುತ್ತದೆಂದು ಊಹಿಸಿ. ಪಂಜು ದೇಹದ ಕಪ್ಪಿನೊಳಗೆ ಮುಳುಗಿಹೋಗುತ್ತದೆ. ಕಂಚು ಮಳೆಗಾಳಿಗೆ ಸವೆದು ಕಣ್ಣಿನಿಂದ ಕಪ್ಪು ಕಣ್ಣೀರು ಇಳಿದಂತೆ ಮೂಡಿರುವ ಗೆರೆಗಳೂ ಮಾಯವಾಗುತ್ತವೆ. ಉಳಿಯುವುದು ರೆಕ್ಕೆ ಬಿಚ್ಚಿ ಕುಳಿತ ಯಾರೋ ಒಬ್ಬ. ಶಿಲ್ಪ ಮೃತ್ಯುದೂತನದೇ ಆಗಿದ್ದರೂ ಹಾಗೆನ್ನಲು ಬೇಕಾದ ಸಾಕ್ಷ್ಯ ಆ ಚಿತ್ರದಲ್ಲಿ ಇರುವುದಿಲ್ಲ.

ಇಟಲಿಯ ಜಿನೋವಾದ ಸ್ಟಾಲಿಯೆನೊ ಸಮಾಧಿ ಸ್ಥಳದಲ್ಲಿರುವ ಜೂಲಿಯೊ ಮೊಂಟೆವೆರ್ದೆಯ ದೇವದೂತ (1882) ಇದಕ್ಕಿಂತ ಸೂಕ್ಷ್ಮವಾದದ್ದು. ಎದೆಯ ಮೇಲೆ ತೋಳುಗಳನ್ನು ಅಡ್ಡಡ್ಡ ಮಡಿಸಿ, ಒಂದು ಕೈಯಲ್ಲಿ ತುತ್ತೂರಿಯನ್ನು ಸುಮ್ಮನೆ ಇಳಿಬಿಟ್ಟು, ಸಾಂತ್ವನವೋ ಉದಾಸೀನವೋ ಹೇಳಲಾಗದ ಮುಖಭಾವದಲ್ಲಿ ಅದು ನಿಂತಿದೆ. ಆ ಶಿಲ್ಪದ ಜೀವವೆಲ್ಲ ಮುಖದಲ್ಲಿ, ಮಡಿಸಿದ ತೋಳಿನಲ್ಲಿ ಇದೆ. ಅದರ ಸಿಲೂಯೆಟ್ ತೆಗೆಯುವವರು ಇದ್ದುದೆಲ್ಲವನ್ನೂ ಬಿಟ್ಟು ರೆಕ್ಕೆಯನ್ನಷ್ಟೇ ಮನೆಗೆ ಒಯ್ಯುತ್ತಾರೆ. ಎಲ್ಲ ಶಿಲ್ಪವೂ ಸಿಲೂಯೆಟ್‌ಗೆ ಒಗ್ಗುವುದಿಲ್ಲ ಎಂಬುದನ್ನು ಛಾಯಾಗ್ರಾಹಕರು ಬೇಗ ಒಪ್ಪಿಕೊಳ್ಳುವುದು ಒಳ್ಳೆಯದು.

ಒಗ್ಗುವ ಸಂಕೇತಗಳು ಯಾವುವು? ಬಾಯಿಗೆ ಹಿಡಿದ ತುತ್ತೂರಿ, ಆಕಾಶದತ್ತ ಎತ್ತಿದ ತೋರುಬೆರಳು, ದೇಹದಿಂದ ದೂರ ಚಾಚಿದ ಕೈಯ ಮಾಲೆ. ಶಿಲುಬೆ, ಒಬೆಲಿಸ್ಕ್ (ತುದಿ ಚೂಪಾದ ಎತ್ತರದ ಚೌಕ ಕಂಬ), ಅಕಾಲ ಮರಣವನ್ನು ಸೂಚಿಸುವ ಮುರಿದ ಕಂಬ ಕೂಡ ಚೆನ್ನಾಗಿ ಬರುತ್ತವೆ. ಬಟ್ಟೆ ಹೊದಿಸಿದ ಕಲಶ ಅರ್ಧ ಒಗ್ಗುತ್ತದೆ. ಕಲಶ ಕಾಣುತ್ತದೆ, ಬಟ್ಟೆಯ ಮಡಿಕೆ ಕಾಣುವುದಿಲ್ಲ. ಲಂಗರು ಕ್ರೈಸ್ತರಲ್ಲಿ ಭರವಸೆಯ ಗುರುತು, ಕೆಲವೊಮ್ಮೆ ನಾವಿಕನ ವೃತ್ತಿಯ ಗುರುತೂ ಹೌದು. ಅದನ್ನು ಸಾಮಾನ್ಯವಾಗಿ ಆಕೃತಿಗೆ ಒರಗಿಸಿಯೇ ಕೆತ್ತುವುದರಿಂದ ಪಕ್ಕದಿಂದ ನೋಡಿದಾಗ ಮಾತ್ರ ಸಿಗುತ್ತದೆ. ಮಗುವಿನ ಸಮಾಧಿಯ ಮೇಲೆ ಮಲಗಿದ ಕುರಿಮರಿಯಂತೂ ಸಿಲೂಯೆಟ್‌ನಲ್ಲಿ ಬರೀ ಉಬ್ಬಿದ ಕಲ್ಲು.

ಮುರಿದ ಕಂಬದ ಮಾತು ಬಂದಿದ್ದರಿಂದ ನಿಮ್ಮ ಮುರಿದ ರೆಕ್ಕೆಗೆ ಬರುತ್ತೇನೆ. ನನ್ನ ಅಭಿಪ್ರಾಯದಲ್ಲಿ ಅದಕ್ಕೆ ಯಾವ ಅರ್ಥವೂ ಇಲ್ಲ, ಅದು ಹಾನಿ. ರೆಕ್ಕೆಯ ತುದಿ ಶಿಲ್ಪದಲ್ಲೇ ಅತಿ ತೆಳುವಾದ ಭಾಗ. ರೆಕ್ಕೆಗಳನ್ನು ಬೇರೆಯಾಗಿ ಕೆತ್ತಿ ಕಬ್ಬಿಣದ ಸರಳಿನಿಂದ ಜೋಡಿಸಿದ್ದರೆ, ಒಳಗೆ ನೀರು ಇಳಿದು ಸರಳು ತುಕ್ಕು ಹಿಡಿಯುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುವುದರಿಂದ ಕಲ್ಲು ಒಳಗಿನಿಂದಲೇ ಸೀಳುತ್ತದೆ. ಬೇಕೆಂದೇ ಮುರಿದಂತೆ ಕೆತ್ತಿದ್ದನ್ನೂ ತಾನಾಗಿ ಮುರಿದದ್ದನ್ನೂ ಗುರುತಿಸುವುದು ಕಷ್ಟವಲ್ಲ. ಸಂಕೇತವಾಗಿ ಕೆತ್ತಿದ ಮುರಿದ ಕಂಬದ ಅಂಚನ್ನು ಉಳಿ ಹಿಡಿದು ಓರಣವಾಗಿ ತಿದ್ದಿರುತ್ತಾರೆ, ಎಷ್ಟೋ ಸಲ ಅದಕ್ಕೊಂದು ಹೂಮಾಲೆಯನ್ನೂ ಕೆತ್ತಿರುತ್ತಾರೆ. ಆಕಸ್ಮಿಕವಾಗಿ ಮುರಿದ ಅಮೃತಶಿಲೆಯ ಮುಖದಲ್ಲಿ ಸಕ್ಕರೆಯಂಥ ಹರಳುಗಳು ಹೊಳೆಯುತ್ತವೆ, ನಡುವೆ ಸರಳು ಕೂತಿದ್ದ ದುಂಡನೆಯ ರಂಧ್ರವೂ ಅದರಿಂದ ಇಳಿದ ಕಂದು ಕಲೆಯೂ ಇರಬಹುದು. ಕೈಬೆರಳುಗಳಿಗೂ ಇದೇ ಗತಿ. ಆಕಾಶ ತೋರಿಸುತ್ತಿದ್ದ ಬೆರಳು ಉದುರಿ ಹೋದ ಮೇಲೆ ಮುಷ್ಟಿ ಮಾತ್ರ ಉಳಿದು, ಸ್ವರ್ಗವನ್ನು ತೋರಿಸುತ್ತಿದ್ದವನು ಸಿಲೂಯೆಟ್‌ನಲ್ಲಿ ಗುದ್ದಲು ಕೈಯೆತ್ತಿದವನಂತೆ ಕಾಣುತ್ತಾನೆ.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಪ್ಯಾರಿಸ್ಸಿನ ಪೆರ್ ಲಾಶೇಸ್ (1804), ಅಮೆರಿಕದ ಮೌಂಟ್ ಆಬರ್ನ್ (1831), ಲಂಡನ್ನಿನ ಹೈಗೇಟ್ (1839) ಮುಂತಾದ ಉದ್ಯಾನ ಮಾದರಿಯ ಸಮಾಧಿ ಸ್ಥಳಗಳು ಬಂದ ಮೇಲೆ ಶಿಲ್ಪಕ್ಕೆ ಬೇಡಿಕೆ ಬೆಳೆಯಿತು, ಬೇಡಿಕೆಯೊಂದಿಗೆ ಸಿದ್ಧ ಮಾದರಿಗಳೂ ಬೆಳೆದವು. ಇಟಲಿಯ ಕರಾರಾದ ಕಾರ್ಯಾಗಾರಗಳಿಂದ ಅಮೃತಶಿಲೆಯ ದೇವದೂತರು ಹಡಗೇರಿ ದೇಶದೇಶಗಳಿಗೆ ಹೋದರು. ಅಮೆರಿಕದ ಬ್ರಿಜ್‌ಪೋರ್ಟ್‌ನ ಕಂಪನಿಯೊಂದು ಸತುವಿನಲ್ಲಿ ಎರಕ ಹೊಯ್ದ ಟೊಳ್ಳು ಸ್ಮಾರಕಗಳನ್ನು ‘ಬಿಳಿ ಕಂಚು’ ಎಂಬ ಹೆಸರಿನಲ್ಲಿ ಕ್ಯಾಟಲಾಗ್ ತೋರಿಸಿ ಮಾರಿತು. ಮನೆಯವರು ಒಂದು ಶಿಲ್ಪವನ್ನು ಆರಿಸಿದ್ದು ಪಂಜಿನ ತತ್ತ್ವವನ್ನು ಯೋಚಿಸಿಯೇ ಇರಬಹುದು. ಮುಖ ಇಷ್ಟವಾಗಿ, ಬೆಲೆ ಹೊಂದಿಕೆಯಾಗಿ, ಪಕ್ಕದ ಸಮಾಧಿಯಲ್ಲಿ ಅಂಥದ್ದೇ ಇತ್ತೆಂಬ ಕಾರಣಕ್ಕೂ ಇರಬಹುದು. ಆದ್ದರಿಂದ ಸಂಕೇತದ ಅರ್ಥವನ್ನು ಆ ಕಾಲದ ವಾಡಿಕೆಯ ಅರ್ಥವೆಂದು ಹೇಳಿ, ಇಂಥ ವ್ಯಕ್ತಿಯ ಬದುಕಿನ ಅರ್ಥವೆಂದು ಹೇಳಬೇಡಿ. ‘ರೆಕ್ಕೆ ಮುರಿದ ದೇವದೂತ ಎಂದರೆ ಆತ್ಮಹತ್ಯೆಯ ಗುರುತು’ ಎಂಬಂಥ ಮಾತುಗಳು ಹುಟ್ಟುವುದು ಈ ಗೆರೆಯನ್ನು ದಾಟಿದಾಗಲೇ.

ಈಗ ನಿಮ್ಮ ಚಿತ್ರಕ್ಕೆ. ನೋಡಿದವರೆಲ್ಲ ಮೃತ್ಯುವನ್ನೇ ಕಂಡದ್ದಕ್ಕೆ ಪಂಜಿಗಿಂತ ಕಪ್ಪು ಬಣ್ಣವೇ ಹೆಚ್ಚು ಕಾರಣ. ಬಿಳಿಯ ಅಮೃತಶಿಲೆಯನ್ನು ಆರಿಸಿದವರಿಗೆ ಆ ಬಿಳುಪೇ ಅರ್ಥದ ಒಂದು ಭಾಗವಾಗಿತ್ತು. ಶುದ್ಧಿ, ಬೆಳಕು, ಮರಳಿ ಏಳುವ ಭರವಸೆ ಅದರಲ್ಲಿ ಸೇರಿದ್ದವು. ಸಿಲೂಯೆಟ್ ಅದನ್ನು ತಿರುವುಮುರುವಾಗಿಸುತ್ತದೆ. ಬಣ್ಣವೊಂದೇ ಎಷ್ಟು ಕೆಲಸ ಮಾಡಬಲ್ಲದು ಎಂಬುದಕ್ಕೆ ಅಮೆರಿಕದ ಅಯೋವಾ ಸಿಟಿಯ ಓಕ್‌ಲ್ಯಾಂಡ್ ಸಮಾಧಿ ಸ್ಥಳದ ‘ಕಪ್ಪು ದೇವದೂತ’ ಸಾಕ್ಷಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಿಲ್ಲಿಸಿದ ಆ ಕಂಚಿನ ಶಿಲ್ಪ ಗಾಳಿಮಳೆಗೆ ಉತ್ಕರ್ಷಣಗೊಂಡು ಕಪ್ಪಾಯಿತು, ಕಂಚಿನ ಮಟ್ಟಿಗೆ ಇದು ಸಹಜವೇ. ಆದರೆ ಕಪ್ಪಾದದ್ದೇ ತಡ, ಶಾಪದ ಕಥೆಗಳು, ಮುಟ್ಟಿದರೆ ಸಾವೆಂಬ ಕಥೆಗಳು ಅದನ್ನು ಸುತ್ತಿಕೊಂಡವು. ನಿಮ್ಮ ಶಿಲ್ಪವನ್ನು ಕೆಲವು ನಿಮಿಷಗಳ ಮಟ್ಟಿಗೆ ಕಪ್ಪಾಗಿಸಿದ್ದು ಮುಳುಗುವ ಸೂರ್ಯ ಮತ್ತು ನಿಮ್ಮ ಎಕ್ಸ್‌ಪೋಷರ್, ಅಂದರೆ ಕ್ಯಾಮೆರಾದೊಳಗೆ ನೀವು ಬಿಟ್ಟ ಬೆಳಕಿನ ಪ್ರಮಾಣ. ಹಾಗೆ ಮಾಡಬಾರದೆಂದು ನಾನು ಹೇಳುತ್ತಿಲ್ಲ. ಅದರಿಂದ ಹುಟ್ಟಿದ ಭೀತಿ ನಿಮ್ಮ ಕೃತಿಯದೇ ಹೊರತು ಶಿಲ್ಪಿಯದಲ್ಲ ಎನ್ನುತ್ತಿದ್ದೇನೆ, ಅಷ್ಟೆ.

ಮತ್ತೆ ತೆಗೆಯುವಾಗ ಮೊದಲು ಬದಲಿಸಬೇಕಾದದ್ದು ನೀವು ನಿಲ್ಲುವ ಜಾಗ. ಕಣ್ಣನ್ನು ಅರ್ಧ ಮುಚ್ಚಿ, ಶಿಲ್ಪವನ್ನು ಬರೀ ಕಪ್ಪು ಕಾಗದದ ಕತ್ತರಿಕೆಯೆಂದು ಭಾವಿಸಿ ಅದರ ಸುತ್ತ ನಿಧಾನವಾಗಿ ನಡೆಯಿರಿ. ತಲೆಗೂ ರೆಕ್ಕೆಗೂ ನಡುವೆ ಆಕಾಶದ ಒಂದು ತುಣುಕು ಕಾಣುವ ಕೋನ ಸಿಕ್ಕೇ ಸಿಗುತ್ತದೆ. ಎರಡು ಹೆಜ್ಜೆ ಆಚೀಚೆಯಾದರೆ ಅದು ಮುಚ್ಚಿಹೋಗುತ್ತದೆ. ತೋಳಿಗೂ ಸೊಂಟಕ್ಕೂ ನಡುವೆ, ಕೈಯಲ್ಲಿನ ವಸ್ತುವಿಗೂ ನಿಲುವಂಗಿಗೂ ನಡುವೆ ಇಂಥದೇ ಬೆಳಕಿನ ಕಿಂಡಿಗಳು ಬೇಕು. ತಗ್ಗಿಸಿದ ತಲೆ ಎದುರಿನಿಂದ ಬರೀ ಉಂಡೆ. ಪಕ್ಕದಿಂದ ನೋಡಿದರೆ ಮಾತ್ರ ಹಣೆ, ಮೂಗು, ಗಲ್ಲ ಬಿಡಿಬಿಡಿಯಾಗಿ ಕಂಡು ತಲೆ ತಗ್ಗಿದೆ ಎಂಬುದೇ ಗೊತ್ತಾಗುತ್ತದೆ. ಅಲ್ಲದೆ ಎದುರಿನಿಂದ ತೆಗೆದ ಸಿಲೂಯೆಟ್‌ನಲ್ಲಿ ಆಕೃತಿ ನಮ್ಮತ್ತ ಮುಖ ಮಾಡಿದೆಯೋ ಬೆನ್ನು ಮಾಡಿದೆಯೋ ಎಂಬುದೂ ಅನಿಶ್ಚಿತ. ಹದಿನೆಂಟನೆಯ ಶತಮಾನದಲ್ಲಿ ಲಾವಾಟರ್ ಎಂಬ ಸ್ವಿಸ್ ಪಾದ್ರಿ ಮನುಷ್ಯರ ಪಾರ್ಶ್ವಮುಖದ ನೆರಳನ್ನು ನೋಡಿಯೇ ಸ್ವಭಾವ ಹೇಳಬಹುದೆಂದು ನಂಬಿದ್ದ. ಸ್ವಭಾವದ ವಿಚಾರದಲ್ಲಿ ಅದು ಸುಳ್ಳು, ಆದರೆ ಪಾರ್ಶ್ವಮುಖದ ಹೊರಗೆರೆಯಲ್ಲಿ ಉಳಿದೆಲ್ಲ ಕೋನಗಳಿಗಿಂತ ಹೆಚ್ಚು ಮಾಹಿತಿ ಇರುತ್ತದೆ ಎಂಬಷ್ಟರ ಮಟ್ಟಿಗೆ ಅವನ ಆಯ್ಕೆ ಸರಿಯೇ.

ಸೂರ್ಯನ ದಿಕ್ಕನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಹಳೆಯ ಕ್ರೈಸ್ತ ಸಮಾಧಿಗಳಲ್ಲಿ ತಲೆ ಪಶ್ಚಿಮಕ್ಕೆ, ಕಾಲು ಪೂರ್ವಕ್ಕೆ ಬರುವಂತೆ ಹೂಳುವ ವಾಡಿಕೆ ವ್ಯಾಪಕವಾಗಿತ್ತು. ಎದ್ದಾಗ ಪೂರ್ವಕ್ಕೆ ಮುಖವಾಗಿರಲಿ ಎಂಬುದು ಅದರ ಹಿಂದಿನ ಭಾವನೆ. ಶಿಲ್ಪವೂ ಪೂರ್ವಾಭಿಮುಖವಾಗಿದ್ದರೆ ಸಂಜೆ ಅದರ ಎದುರಿಗೆ, ಬೆಳಗ್ಗೆ ಅದರ ಬೆನ್ನಿಗೆ ನೀವು ನಿಲ್ಲಬೇಕಾಗುತ್ತದೆ. ಬಳುಕುವ ದಾರಿಗಳುಳ್ಳ ಉದ್ಯಾನ ಸಮಾಧಿ ಸ್ಥಳಗಳಲ್ಲಿ ಶಿಲ್ಪಗಳು ದಿಕ್ಕಿಗಿಂತ ದಾರಿಗೆ ಮುಖ ಮಾಡಿರುವುದೇ ಹೆಚ್ಚು, ಆದ್ದರಿಂದ ಮೊದಲೇ ಒಮ್ಮೆ ದಿಕ್ಸೂಚಿ ಹಿಡಿದು ನೋಡಿಕೊಳ್ಳುವುದು ಮೇಲು.

ದೂರದ ಲೆಕ್ಕ ಇದಕ್ಕಿಂತ ಸ್ವಾರಸ್ಯದ್ದು. ಆಕಾಶದಲ್ಲಿ ಸೂರ್ಯನ ಅಗಲ ಸುಮಾರು ಅರ್ಧ ಡಿಗ್ರಿ. ಅಂದರೆ ಯಾವುದೇ ವಸ್ತು ತನ್ನ ಅಗಲದ ಸುಮಾರು 108 ಪಟ್ಟು ದೂರದಲ್ಲಿದ್ದಾಗ ಸೂರ್ಯಬಿಂಬವನ್ನು ಸರಿಯಾಗಿ ಮುಚ್ಚುತ್ತದೆ. ಶಿಲ್ಪದ ತಲೆ 30 ಸೆಂಟಿಮೀಟರ್ ಅಗಲವಿದ್ದರೆ 32–33 ಮೀಟರ್ ದೂರದಿಂದ ತಲೆಯೂ ಸೂರ್ಯನೂ ಸಮಸಮ. 65 ಮೀಟರ್ ಹಿಂದೆ ಹೋದರೆ ಸೂರ್ಯ ತಲೆಯ ಎರಡರಷ್ಟಾಗಿ ಸುತ್ತಲೂ ಪ್ರಭಾವಳಿಯಾಗಿ ನಿಲ್ಲುತ್ತಾನೆ. ಇದಕ್ಕೆ ಉದ್ದನೆಯ ಲೆನ್ಸ್ ಬೇಕು. ಹತ್ತಿರ ನಿಂತರೆ ಇನ್ನೊಂದು ತೊಂದರೆಯಿದೆ. ತಲೆ ನಿಮ್ಮ ಕ್ಯಾಮೆರಾಗಿಂತ ಎರಡು ಮೀಟರ್ ಎತ್ತರದಲ್ಲಿದೆ ಎಂದುಕೊಳ್ಳಿ. ಐದು ಮೀಟರ್ ದೂರದಿಂದ ನೋಡಿದಾಗ ತಲೆಯ ಹಿಂದೆ ಸೂರ್ಯ ಬರಬೇಕಾದರೆ ಆತ ಇನ್ನೂ ಸುಮಾರು 22 ಡಿಗ್ರಿ ಮೇಲಿರಬೇಕು. ಆ ಸೂರ್ಯ ಉರಿಬಿಸಿಲಿನ ಸೂರ್ಯ. 33 ಮೀಟರ್ ದೂರದಿಂದಾದರೆ ಮೂರೂವರೆ ಡಿಗ್ರಿ ಸಾಕು, ಅಂದರೆ ಅಸ್ತಕ್ಕೆ ಸುಮಾರು ಕಾಲು ಗಂಟೆ ಇದೆ ಎನ್ನುವ ಹೊತ್ತು. ಭೂಮಧ್ಯರೇಖೆಯಿಂದ ದೂರ ಹೋದಷ್ಟೂ ಈ ಅವಧಿ ಹೆಚ್ಚುತ್ತದೆ. ಸೂರ್ಯ ತನ್ನ ಅಗಲದಷ್ಟು ಜಾಗ ಸರಿಯಲು ಎರಡು ನಿಮಿಷ ಸಾಕಾದ್ದರಿಂದ ಟ್ರೈಪಾಡ್ ನಿಲ್ಲಿಸಿ ಕಾಯುವುದಕ್ಕಿಂತ ಅದನ್ನು ಎತ್ತಿಕೊಂಡು ಸೂರ್ಯನೊಂದಿಗೆ ಸರಿಯುವ ಸಿದ್ಧತೆ ಇರಲಿ. ಕನ್ನಡಿಯಿರುವ ಕ್ಯಾಮೆರಾದ ವ್ಯೂಫೈಂಡರ್‌ನಲ್ಲಿ ಉದ್ದನೆಯ ಲೆನ್ಸ್ ಮೂಲಕ ಸೂರ್ಯನನ್ನು ನೇರವಾಗಿ ನೋಡಬೇಡಿ, ಕಣ್ಣಿಗೆ ಶಾಶ್ವತ ಹಾನಿಯಾದೀತು. ಹಿಂದಿನ ಪರದೆಯಲ್ಲಿ ನೋಡಿ.

ಈ ಪ್ರಭಾವಳಿಯ ಚಿತ್ರ ಎಷ್ಟು ಆಕರ್ಷಕವೋ ಅಷ್ಟೇ ದಾರಿ ತಪ್ಪಿಸುವಂಥದು. ಸಮಾಧಿಯ ಮೇಲೆ ಶೋಕಿಸುವ ಸಾಧಾರಣ ಹೆಂಗಸಿನ ಶಿಲ್ಪಕ್ಕೆ ಸೂರ್ಯನನ್ನು ತಲೆಯ ಹಿಂದೆ ತಂದಿಟ್ಟರೆ ಆಕೆ ಸಂತಳಾಗಿಬಿಡುತ್ತಾಳೆ. ಶಿಲ್ಪಿ ಕೊಡದ ಸಂಕೇತವನ್ನು ಕ್ಯಾಮೆರಾ ಕೊಟ್ಟಂತಾಯಿತು. ವೈಯಕ್ತಿಕವಾಗಿ ನನಗೆ ಸೂರ್ಯ ಮುಳುಗಿದ ಮೇಲಿನ ಹತ್ತಿಪ್ಪತ್ತು ನಿಮಿಷಗಳ ಬೆಳಕೇ ಹೆಚ್ಚು ಇಷ್ಟ. ಆಕಾಶವೆಲ್ಲ ಹದವಾಗಿ ಬೆಳಗಿ ಹೊರಗೆರೆ ಚೂಪಾಗಿ ಬರುತ್ತದೆ, ಲೆನ್ಸ್‌ನಲ್ಲಿ ಬೆಳಕು ಚೆದುರಿ ಕಪ್ಪು ಮಾಸುವ ಕಾಟವೂ ಇರುವುದಿಲ್ಲ.

ಎಕ್ಸ್‌ಪೋಷರ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸ್ಪಾಟ್ ಮೀಟರಿಂಗ್‌ನಲ್ಲಿ (ಚಿತ್ರದ ಒಂದು ಸಣ್ಣ ಜಾಗದ ಬೆಳಕನ್ನಷ್ಟೇ ಅಳೆಯುವ ವಿಧಾನ) ಸೂರ್ಯನನ್ನು ಬಿಟ್ಟು ಅದರ ಪಕ್ಕದ ಆಕಾಶವನ್ನು ಅಳೆದು ಆ ಅಳತೆಯನ್ನೇ ಹಿಡಿಯಿರಿ; ಶಿಲ್ಪ ಅದಕ್ಕಿಂತ ಮೂರು ನಾಲ್ಕು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕಿಳಿದಂತೆ) ಕೆಳಗಿದ್ದರೆ ತಾನಾಗಿಯೇ ಕಪ್ಪಾಗುತ್ತದೆ. ಫೋಕಸ್ ಶಿಲ್ಪದ ಅಂಚಿಗಿರಲಿ. ಮೊಬೈಲ್‌ನಲ್ಲಾದರೆ ಬೆಳಕು ನೆರಳುಗಳನ್ನು ಸರಿದೂಗಿಸುವ ಎಚ್‌ಡಿಆರ್ ಸೌಲಭ್ಯವನ್ನು ಬಂದ್ ಮಾಡಿಬಿಡಿ, ಇಲ್ಲವಾದರೆ ಅದು ನೆರಳನ್ನು ಎತ್ತಿ ಶಿಲ್ಪವನ್ನು ಬೂದುಬಣ್ಣಕ್ಕೆ ತರುತ್ತದೆ. ರಾ ಫೈಲ್‌ನಲ್ಲಿ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಕಡತ) ತೆಗೆದರೆ ಆಕಾಶದ ಬಣ್ಣ ಪಟ್ಟೆಪಟ್ಟೆಯಾಗಿ ಒಡೆಯುವುದು ತಪ್ಪುತ್ತದೆ. ಅದೇ ಭೇಟಿಯಲ್ಲಿ ಹಗಲಿರುವಾಗಲೇ ಮುಖ, ಕೈ, ಪೀಠ, ಹಿಂಭಾಗ ಮತ್ತು ಶಿಲ್ಪಿಯ ಸಹಿ ಇರಬಹುದಾದ ಪೀಠದ ಅಂಚು, ಇವುಗಳ ಸಾದಾ ಚಿತ್ರಗಳನ್ನೂ ತೆಗೆದಿಡಿ. ಓರೆಯಾಗಿ ಬೀಳುವ ಬೆಳಗಿನ ಬಿಸಿಲಿನಲ್ಲಿ ಸವೆದ ಅಕ್ಷರಗಳೂ ಓದಲು ಸಿಗುತ್ತವೆ. ಅಕ್ಷರ ಕಾಣಲೆಂದು ಸುಣ್ಣದ ಕಡ್ಡಿ ಉಜ್ಜುವುದು, ಪಾಚಿ ಕೆರೆಯುವುದು ಖಂಡಿತ ಬೇಡ.

ಕೊನೆಯದಾಗಿ ಶೀರ್ಷಿಕೆ. ವಾಷಿಂಗ್ಟನ್ನಿನ ರಾಕ್ ಕ್ರೀಕ್ ಸಮಾಧಿ ಸ್ಥಳದಲ್ಲಿ ಅಗಸ್ಟಸ್ ಸೇಂಟ್-ಗಾಡೆನ್ಸ್ 1891ರಲ್ಲಿ ಪೂರೈಸಿದ ಆಡಮ್ಸ್ ಸ್ಮಾರಕವಿದೆ. ಇತಿಹಾಸಕಾರ ಹೆನ್ರಿ ಆಡಮ್ಸ್ ತನ್ನ ಹೆಂಡತಿಯ ಸಮಾಧಿಗಾಗಿ ಮಾಡಿಸಿದ್ದು. ಆಕೆ ಛಾಯಾಗ್ರಾಹಕಿ, 1885ರಲ್ಲಿ ಚಿತ್ರ ಸಂಸ್ಕರಣೆಗೆ ಬಳಸುತ್ತಿದ್ದ ಸಯನೈಡ್ ಕುಡಿದು ಪ್ರಾಣ ಬಿಟ್ಟಿದ್ದಳು. ತಲೆಯಿಂದ ಪಾದದವರೆಗೆ ಹೊದಿಕೆ ಹೊದ್ದು ಕುಳಿತ ಆ ಕಂಚಿನ ಆಕೃತಿ ಗಂಡೂ ಅಲ್ಲ, ಹೆಣ್ಣೂ ಅಲ್ಲ. ಅಲ್ಲಿ ಹೆಸರಿಲ್ಲ, ಬರಹವಿಲ್ಲ. ಜನ ಅದನ್ನು ‘ದುಃಖ’ ಎಂದು ಕರೆಯತೊಡಗಿದಾಗ ಆಡಮ್ಸ್‌ಗೆ ಅದು ಹಿಡಿಸಲಿಲ್ಲ. ಬೌದ್ಧ ಕಲೆಯಿಂದ ಪ್ರೇರಣೆ ಪಡೆದು ತಾನು ಬಯಸಿದ್ದನ್ನು ಒಂದು ಪದಕ್ಕೆ ಇಳಿಸುವುದನ್ನು ಆತ ಒಪ್ಪಲಿಲ್ಲ. ಬೆನ್ನ ಹಿಂದೆ ಗ್ರಾನೈಟ್ ಗೋಡೆ ಇರುವುದರಿಂದ ಅದನ್ನು ಆಕಾಶಕ್ಕೆ ಹಿಡಿದು ಸಿಲೂಯೆಟ್ ಮಾಡುವಂತೆಯೂ ಇಲ್ಲ.

ನಿಮ್ಮ ಶಿಲ್ಪದ ಹಿಂದೆ ಅಂಥ ಗೋಡೆಯಿಲ್ಲ, ಆದರೆ ಹೆಸರು ಕೊಡುವಾಗ ಅಷ್ಟೇ ಸಂಯಮ ಬೇಕು. ಕೈಯಲ್ಲಿರುವುದು ತುತ್ತೂರಿ ಎಂದು ತಿಳಿದರೆ ‘ಮೃತ್ಯುದೂತ’ ಎಂಬ ಶೀರ್ಷಿಕೆ ಸಾರಾಸಗಟಾಗಿ ತಪ್ಪಾಗುತ್ತದೆ, ಏಕೆಂದರೆ ಆತ ಸತ್ತವರನ್ನು ಎಬ್ಬಿಸಲು ನಿಂತವನು. ಪಂಜೆಂದು ಖಚಿತವಾದರೆ ‘ಕೆಳಗಿಳಿಸಿದ ಪಂಜು’ ಎಂದಿಡಿ. ಅದು ಕಂಡದ್ದನ್ನಷ್ಟೇ ಹೇಳುತ್ತದೆ, ಉಳಿದುದನ್ನು ನೋಡುಗರಿಗೆ ಬಿಡುತ್ತದೆ. ಕೆಳಗೆ ಸಮಾಧಿ ಸ್ಥಳದ ಹೆಸರು, ಗೊತ್ತಾದರೆ ಶಿಲ್ಪಿಯ ಹೆಸರು, ವರ್ಷ ಹಾಕಿ. ಸಮಾಧಿ ಇತ್ತೀಚಿನದಾಗಿದ್ದರೆ ಒಳಗಿರುವವರ ಹೆಸರು ಬೇಡ. ಪ್ರದರ್ಶನಕ್ಕೆ ಕಳುಹಿಸುವ ಮುನ್ನ ಆ ಸ್ಥಳದ ಆಡಳಿತದವರಿಂದ ಲಿಖಿತ ಅನುಮತಿ ಪಡೆದುಕೊಳ್ಳಿ; ಖಾಸಗಿ ಬಳಕೆಗೆ ಚಿತ್ರ ತೆಗೆಯಲು ಬಿಡುವ ಕಡೆಗಳಲ್ಲೂ ಪ್ರಕಟಣೆಗೆ ಬೇರೆಯೇ ನಿಯಮವಿರುವುದುಂಟು.